‘ಅರ್ಥ ಆಯ್ತಾ?’ ಅಂತ ಕೇಳಿದರೆ ‘ಎಸ್ ಸರ್’ ಅಂತಲೇ ಬರುತ್ತೆ

ಆನ್‌ಲೈನ್ ಕ್ಲಾಸಿನಲ್ಲಿ ಹುಡುಗರು ಬಾಯೇ ಬಿಡುವುದಿಲ್ಲ ಅನ್ನೋ ದೂರು ಸ್ಟಾಫ್ ರೂಮಿನಲ್ಲಿ 2020ರ ಲಾಕ್‌ಡೌನ್‌ನಿಂದ ಕೇಳುತ್ತಾ ಬಂದಿದ್ದೇನೆ. ಕ್ಲಾಸುಗಳು ಕಾಲೇಜಿಗೆ ವಾಪಸ್ ಬಂದು ವರ್ಷಗಳೇ ಆದವು. ಆದರೂ ರಜೆ ದಿನದ ಗೂಗಲ್ ಮೀಟ್, ಸೆಮಿಸ್ಟರ್ ಕೊನೆಯ ಎಕ್ಸ್‌ಟ್ರಾ ಕ್ಲಾಸು, ವಾಟ್ಸಾಪ್ ಗ್ರೂಪಿನ ಚರ್ಚೆ ಉಳಿದುಕೊಂಡಿವೆ. ದೂರೂ ಉಳಿದುಕೊಂಡಿದೆ. ಚಾಟ್ ತೆಗೆದು ನೋಡಿದರೆ ಮೇಲಿಂದ ಕೆಳಗಿನ ತನಕ ‘ಎಸ್ ಸರ್’, ‘ಓಕೆ ಸರ್’, ಕೊನೆಗೆ ಸಾಲಾಗಿ ‘ಥ್ಯಾಂಕ್ಯೂ ಸರ್’. ಹುಡುಗರಿಗೆ ಆಸಕ್ತಿ ಇಲ್ಲ ಅಂತ ನಾವು ಷರಾ ಬರೆದುಬಿಡುತ್ತೇವೆ.

ನಾನು ಇದನ್ನು ಒಪ್ಪುವುದಿಲ್ಲ. ಇದೇ ಹುಡುಗರು ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಐಪಿಎಲ್ ಬಗ್ಗೆ ವಾದ ಮಾಡುವುದನ್ನು ಕೇಳಿ. ಲೆಕ್ಕ, ಉದಾಹರಣೆ, ತಿರುಗೇಟು ಎಲ್ಲಾ ಇರುತ್ತೆ. ಬಸ್ಸು ಬಂದರೂ ವಾದ ಮುಗಿಯಲ್ಲ. ಅವರ ಹತ್ತಿರ ಮಾತಿಲ್ಲ ಅಂತಲ್ಲ, ನಮ್ಮ ಪ್ರಶ್ನೆಯಲ್ಲಿ ಮಾತಾಡುವಂಥದ್ದು ಏನೂ ಇರುವುದಿಲ್ಲ. ‘ಅರ್ಥ ಆಯ್ತಾ?’ ಅಂದರೆ ಇನ್ನೇನು ಬರೆಯಬೇಕು ಹೇಳಿ. ‘ಬೇಡಿಕೆಯ ನಿಯಮ ವಿವರಿಸಿ’ ಅಂದರೆ ಒಬ್ಬಳು ಪುಸ್ತಕದ ಸಾಲು ಹಾಕುತ್ತಾಳೆ. ಆಮೇಲೆ ಉಳಿದವರು ಅದನ್ನೇ ತಿರುಗಿಸಿ ಹಾಕಬೇಕು, ಇಲ್ಲಾ ಸುಮ್ನೆ ಕೂರಬೇಕು.

ನಾನು ಡಿಗ್ರಿ ಹುಡುಗರಿಗೆ ಅರ್ಥಶಾಸ್ತ್ರ ಹೇಳುವವನು. ಒಮ್ಮೆ ಗ್ರೂಪಿನಲ್ಲಿ ಹೀಗೆ ಕೇಳಿದೆ: ‘ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ರೇಟು ಬಿದ್ದಿದೆ. ನಿಮ್ಮೂರಿನ ರೈತರೊಬ್ಬರ ಮನೆಯಲ್ಲಿ ಚೀಲಗಳಿವೆ. ಇವತ್ತೇ ಮಾರಬೇಕೋ, ಕೋಲ್ಡ್ ಸ್ಟೋರೇಜಿಗೆ ಹಾಕಬೇಕೋ? ಒಂದನ್ನು ಆರಿಸಿ ಕಾರಣ ಹೇಳಿ. ಪುಸ್ತಕದಲ್ಲಿ ಹುಡುಕಬೇಡಿ, ಊರಲ್ಲಿ ಯಾರನ್ನಾದರೂ ಕೇಳಿ. ನಾಳೆ ರಾತ್ರಿ ತನಕ ಟೈಮಿದೆ.’

ಕಡೇ ಬೆಂಚಿನ ಹುಡುಗನಿಂದ ಮೊದಲ ವಾಯ್ಸ್ ಮೆಸೇಜ್ ಬಂತು. ‘ಸರ್ರ, ಗೊಬ್ಬರದ ಅಂಗಡಿಯವ್ರು ಕಾಯೂದಿಲ್ರೀ. ಬಂದಷ್ಟಕ್ಕ ಮಾರಬೇಕ್ರೀ.’ ಅದಕ್ಕೆ ಒಬ್ಬಳು, ‘ಸ್ಟೋರೇಜಿನಾಗ ಇಟ್ಟ ಮಾಲಿನ ಮ್ಯಾಲೆ ಸಾಲ ಸಿಗತೈತಿ, ಅಷ್ಟೂ ಗೊತ್ತಿಲ್ಲೇನ?’ ಅಂದಳು. ‘ಬಾಡಿಗಿ ನಿಮ್ಮಪ್ಪ ಕೊಡ್ತಾರೇನ?’ ಅಂತ ಅವನು. ಇನ್ನೊಬ್ಬ ನಡುವೆ ಬಂದು, ಬ್ಯಾಡಗಿ ಕಾಯಿಗೆ ರೇಟು ಸಿಗೋದು ಖಾರಕ್ಕಲ್ಲ, ಬಣ್ಣಕ್ಕೆ, ಮನೆಯಲ್ಲಿಟ್ಟರೆ ಬಣ್ಣ ಇಳಿಯುತ್ತೆ, ತಂಪಿನಲ್ಲಿ ನಿಲ್ಲುತ್ತೆ ಅಂತ ವಿವರಿಸಿದ. ಪೂರೈಕೆಯ ಸ್ಥಿತಿಸ್ಥಾಪಕತ್ವದ, ಅಂದರೆ ರೇಟು ಬದಲಾದರೆ ಮಾರಾಟಕ್ಕೆ ಬರುವ ಮಾಲು ಎಷ್ಟು ಬದಲಾಗುತ್ತೆ ಅನ್ನೋದರ, ಪಾಠ ಅರ್ಧ ಅಲ್ಲೇ ಆಗಿತ್ತು. ನಾನು ಮರುದಿನ ಅದಕ್ಕೆ ಗ್ರಾಫ್ ಬರೆದೆ, ಅಷ್ಟೇ.

ಆ ಹೊತ್ತಿನಲ್ಲಿ ಮೇಷ್ಟ್ರಿಗೆ ಕಷ್ಟದ ಕೆಲಸ ಅಂದರೆ ಸುಮ್ಮನಿರುವುದು. ಹುಡುಗ ಎರಡು ಮಾತು ಆಡುವಷ್ಟರಲ್ಲಿ ‘ವೆರಿ ಗುಡ್, ಆದರೆ ಸರಿಯಾದ ಉತ್ತರ ಏನಪ್ಪಾ ಅಂದರೆ’ ಅಂತ ನಾವು ನುಗ್ಗಿದರೆ ಚರ್ಚೆ ಅಲ್ಲಿಗೆ ಮುಗಿಯಿತು. ಅಮೆರಿಕದ ಮೇರಿ ಬಡ್ ರೋ ಅನ್ನೋ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದರು. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಸಾಮಾನ್ಯವಾಗಿ ಕಾಯೋದು 1 ಸೆಕೆಂಡಿನಷ್ಟು. ಅದನ್ನು 3 ಸೆಕೆಂಡಿಗೆ ಏರಿಸಿದರೂ ಸಾಕು, ಉತ್ತರ ಉದ್ದವಾಗುತ್ತೆ, ಬಾಯಿ ಬಿಡದವರೂ ಮಾತಾಡುತ್ತಾರೆ. ಅದು ಎದುರುಬದುರು ಕೂತ ಕ್ಲಾಸಿನ ಲೆಕ್ಕ. ಶಿರಹಟ್ಟಿ ಕಡೆಯ ಹಳ್ಳಿಯಲ್ಲಿ ಮಾಳಿಗೆ ಹತ್ತಿ ನೆಟ್‌ವರ್ಕ್ ಹಿಡಿಯುವ ಹುಡುಗಿ ಮೈಕ್ ಆನ್ ಮಾಡೋಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಭಾಷೆಯ ವಿಷಯವೂ ಇದೆ. ಪಿಯುಸಿ ತನಕ ಕನ್ನಡದಲ್ಲಿ ಓದಿದವರಿಗೆ ಡಿಗ್ರಿಯಲ್ಲಿ ‘ಆನ್ಸರ್ ಇನ್ ಇಂಗ್ಲಿಷ್ ಓನ್ಲಿ’ ಅಂದರೆ ಕಥೆ ಮುಗಿದಂತೆ. ಗ್ರಾಮರ್ ತಪ್ಪಿದರೆ ಇಡೀ ಗ್ರೂಪು ನೋಡುತ್ತೆ. ಅದಕ್ಕಿಂತ ‘ಥ್ಯಾಂಕ್ಯೂ ಸರ್’ ಸುರಕ್ಷಿತ ಅಲ್ವಾ? ಮೊದಲು ತಮ್ಮ ಮಾತಿನಲ್ಲೇ ಹೇಳಲಿ. ಪರೀಕ್ಷೆಯ ಇಂಗ್ಲಿಷಿಗೆ ಆಮೇಲೆ ತಿರುಗಿಸಿಕೊಳ್ಳಬಹುದು. (ಕ್ಯಾಮೆರಾ ಆನ್ ಮಾಡಿ ಅಂತ ಹಟ ಹಿಡಿಯುವುದೂ ಬೇಡ. ಒಂದೇ ಕೋಣೆಯ ಮನೆ ಎಷ್ಟು ಜನರದ್ದಿದೆಯೋ.)

ಇನ್ನು ಮಾರ್ಕ್ಸು. ‘ತಲಾ ಎರಡು ಕಮೆಂಟ್ ಹಾಕಿದರೆ ಇಂಟರ್ನಲ್‌ಗೆ ಐದು’ ಅನ್ನೋ ನಿಯಮದಷ್ಟು ಚರ್ಚೆ ಕೆಡಿಸುವುದು ಬೇರೆ ಇಲ್ಲ. ‘ಚೆನ್ನಾಗಿ ಬರೆದಿದ್ದೀರಿ’ ಅಂತ ಒಬ್ಬರಿಗೊಬ್ಬರು ಬರೆದುಕೊಂಡು ಐದು ತಗೊಂಡು ಹೋಗುತ್ತಾರೆ. ಈಗಂತೂ ಚಾಟ್‌ಜಿಪಿಟಿ ಇದೆ, ನಲವತ್ತು ಜನರ ಉತ್ತರ ಒಂದೇ ಥರ ನುಣ್ಣಗೆ ಬರುತ್ತೆ. ನಾನು ಉತ್ತರಕ್ಕಿಂತ ಗೆಳೆಯನ ಮಾತಿಗೆ ಹಾಕಿದ ಒಳ್ಳೆಯ ಪ್ರಶ್ನೆಗೆ ಜಾಸ್ತಿ ಕೊಡುತ್ತೇನೆ. ಮೇಲಿನ ಲೆಕ್ಕದಲ್ಲಿ ‘ಬಾಡಿಗಿ ನಿಮ್ಮಪ್ಪ ಕೊಡ್ತಾರೇನ?’ ಅಂದವನಿಗೆ ಪೂರ್ತಿ ಮಾರ್ಕ್ಸು. ಧಾಟಿ ಒರಟು, ನಿಜ. ಅದನ್ನು ಬೇರೆಯಾಗಿ ಕರೆದು ಹೇಳಿದರಾಯಿತು.

‘ಹೀಗೆ ಮಾಡಿದರೆ ಸಿಲಬಸ್ ಯಾವಾಗ ಮುಗಿಸೋದು?’ ಅಂತ ಗದಗಿನ ಸ್ನೇಹಿತರೊಬ್ಬರು ಕೇಳಿದರು. ದಿನಾ ಬೇಡ, ಯೂನಿಟ್‌ಗೆ ಒಂದು ಇಂಥ ಪ್ರಶ್ನೆ ಸಾಕು. ಉಳಿದದ್ದು ಎಂದಿನಂತೆ ಪಾಠ. ಎಂಬತ್ತು ಜನರನ್ನು ಒಂದೇ ಚಾಟಿನಲ್ಲಿ ತುಂಬುವ ಬದಲು ಆರಾರು ಜನರ ಗುಂಪು ಮಾಡಿದರೆ ಇನ್ನೂ ಒಳ್ಳೇದು.

ನಮ್ಮದು ಮುಂದಿನ ಯೂನಿಟ್ ಬ್ಯಾಂಕಿಂಗ್. ಬಂಗಾರ ಅಡ ಇಟ್ಟು ಸಾಲ ತೆಗೆಯುವುದು ಒಳ್ಳೇದೋ, ಸ್ವಸಹಾಯ ಸಂಘದ ಸಾಲ ಒಳ್ಳೇದೋ ಅಂತ ಕೇಳಬೇಕು ಅಂದುಕೊಂಡಿದ್ದೇನೆ. ಆದರೆ ಯಾವ ಹುಡುಗಿಯೂ ತನ್ನ ಮನೆ ಸಾಲವನ್ನು ಎಲ್ಲರ ಮುಂದೆ ಹೇಳಿಕೊಳ್ಳುವ ಹಾಗೆ ಆಗಬಾರದು. ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಬಹುದು? ಪಾಠ ಹೇಳುವವರು ಯಾರಾದರೂ ಇದ್ದರೆ ತಿಳಿಸಿ.