ಇಲ್ಲಿ ಕೊನೆ ನಾನೇ

ನನ್ನ ತಂಗಿ ಇರುವುದು ನಾರ್ವೆಯ ಪಶ್ಚಿಮ ಕರಾವಳಿಯ ಒಂದು ಪುಟ್ಟ ಊರಿನಲ್ಲಿ. ಅಲ್ಲಿನ ಮಳೆಗೆ ಆಗುಂಬೆಯ ಗತ್ತಿಲ್ಲ. ಹರಟೆಗೆ ಬಂದು ಏಳಲು ಮರೆತ ನೆಂಟರ ಹಾಗೆ ಸುಮ್ನೆ ಜಿನುಗುತ್ತಿರುತ್ತದೆ. ಸುತ್ತಲೂ ಬಂಡೆಗಳೇ, ಆದರೆ ಯಾವುದೂ ಒಣಗುವುದಿಲ್ಲ. ಅದಕ್ಕೇ ಊರವರು ಹತ್ತಲೆಂದು ಹಳೇ ಗೋದಾಮಿನೊಳಗೆ ಪ್ಲೈವುಡ್ಡಿನ ಬಂಡೆ ಕಟ್ಟಿಕೊಂಡಿದ್ದಾರೆ.

"ಗುರುವಾರ ನನ್ನ ಪಾಳಿ. ನೀನೂ ಬಾರೋ ಅಣ್ಣ" ಅಂದಳು.

"ಸಂಬಳ ಎಷ್ಟು ಕೊಡ್ತಾರೆ?"

ನಕ್ಕಳು. ಅಲ್ಲಿ ಯಾರಿಗೂ ಸಂಬಳವಿಲ್ಲ. ಊರವರು ಸೇರಿ ಬಿಟ್ಟಿಯಾಗಿ ಮಾಡುವ ಇಂಥ ಕೆಲಸಕ್ಕೆ ಅಲ್ಲಿ 'ದುಗ್ನಾಡ್' ಅನ್ನುತ್ತಾರೆ. 2004ರಲ್ಲಿ ಇದನ್ನೇ ದೇಶದ ಪದವೆಂದು ಆರಿಸಿದ್ದರಂತೆ. ನಮ್ಮ ಮುಯ್ಯಾಳಿಗೆ ದೂರದ ಸಂಬಂಧಿ ಅನ್ನಬಹುದು. ಆದರೆ ಮುಯ್ಯಾಳಿನಲ್ಲಿ ಲೆಕ್ಕ ಉಂಟು, ನಿನ್ನ ಗದ್ದೆಗೆ ನಾನು ಬಂದರೆ ನನ್ನ ಗದ್ದೆಗೆ ನೀನು. ಇಲ್ಲಿ ಲೆಕ್ಕ ಬರೆಯುವವರು ಕಾಣಲಿಲ್ಲ. ಹಾಗಂತ ಎಲ್ಲರೂ ಸಂತರಲ್ಲ. ನೆಲ ಗುಡಿಸುವ ದಿನ ಕೆಲವರಿಗೆ ತಪ್ಪದೆ ನೆಗಡಿ ಬರುತ್ತದಂತೆ.

ಒಳಗೆ ಮೊದಲು ಕಂಡದ್ದು ಪಾತ್ರೆ ತೊಳೆಯುವ ಮೆಷಿನ್ನು. ಅದರೊಳಗೆ ಪಾತ್ರೆ ಇರಲಿಲ್ಲ, ಗೋಡೆಯ ಹಿಡಿಕೆಗಳಿದ್ದವು. ಹಳದಿ, ನೀಲಿ, ಕೆಂಪು. ಒಂದು ಬೋಂಡದಷ್ಟು, ಇನ್ನೊಂದು ಹಲಸಿನ ತೊಳೆಯಷ್ಟು. ಬೆವರು, ಕೈಗೆ ಹಚ್ಚುವ ಬಿಳಿ ಪುಡಿ, ಶೂವಿನ ರಬ್ಬರು ಎಲ್ಲಾ ಮೆತ್ತಿ ಜಾರತೊಡಗಿದರೆ ಅವನ್ನು ಬಿಚ್ಚಿ ತೊಳೆಯಬೇಕು. ತಂಗಿ ಅಲೆನ್ ಕೀ ಹಿಡಿದು ಏಣಿ ಹತ್ತಿದಳು. ಮನೆಯಲ್ಲಿ ಒಂದು ಲೋಟ ತೊಳೆ ಅಂದರೆ ಮುಖ ಊದಿಸುತ್ತಿದ್ದವಳು!

ಅಲ್ಲಿ ಹತ್ತುವವರು ಬೀಳದ ಹಾಗೆ ಕೆಳಗೆ ನಿಂತು ಅವರ ಹಗ್ಗ ಹಿಡಿಯಬೇಕಾದರೆ ಪರೀಕ್ಷೆ ಪಾಸಾಗಿ 'ಬ್ರಾಟ್‌ಕೋರ್ಟ್' ಎಂಬ ಕಾರ್ಡು ಪಡೆದಿರಬೇಕು. ನನ್ನ ಹಗ್ಗ ಹಿಡಿದವರು ಬೆಳ್ಳಿ ಕೂದಲಿನ ಒಬ್ಬ ಹೆಂಗಸು. ನನ್ನ ಸೊಂಟದ 8ರ ಆಕಾರದ ಗಂಟನ್ನು ಅವರು ಎಳೆದು ನೋಡಿದರು. ತಮ್ಮ ಕೊಂಡಿಯನ್ನು ನನ್ನಿಂದ ಎಳೆಸಿದರು. ನನಗೇನು ಗೊತ್ತಾಗುತ್ತದೆ? ಆದರೂ ಗಂಭೀರವಾಗಿ ತಲೆಯಾಡಿಸಿದೆ.

ಶಿರಸಿ ಕಡೆಯ ಅಡಿಕೆ ಕೊಯ್ಲು ನೆನಪಾಯಿತು. ಅಲ್ಲಿ ಅಡಿಕೆ ಗೊನೆಗೆ ಕೊನೆ ಅನ್ನುತ್ತಾರೆ. ಎಲ್ಲರ ಕಣ್ಣೂ ಮರದ ತುದಿಯಲ್ಲಿ ಅದನ್ನು ಕೊಯ್ಯುವ ಕೊನೆಗೌಡನ ಮೇಲೆ. ಕೆಳಗೆ ನೇಣು, ಅಂದರೆ ಹಗ್ಗ, ಹಿಡಿದು, ಜಾರಿ ಬರುವ ಕೊನೆಯನ್ನು ಉದುರದ ಹಾಗೆ ಹಿಡಿಯುವವನನ್ನು ಯಾರೂ ನೋಡುವುದಿಲ್ಲ. ಹುಡುಗನಾಗಿದ್ದಾಗ ನಾನು ನೇಣು ಹಿಡಿಯಲು ಹೋಗಿ, ಒಂದು ಕೊನೆ ಚೆಲ್ಲಾಪಿಲ್ಲಿಯಾಗಿ ಅಪ್ಪನಿಂದ ಬೈಸಿಕೊಂಡಿದ್ದೆ.

ಇಲ್ಲಿ ಕೊನೆ ನಾನೇ.

ಹತ್ತುವುದು ಹೇಗೋ ಆಯಿತು. ಏಳೆಂಟು ಹಿಡಿಕೆ ದಾಟಿ ಕೆಳಗೆ ನೋಡಿದ್ದೇ ತಪ್ಪು. ಕಾಲು ಹೊಲಿಗೆ ಮೆಷಿನ್ನಿನ ಹಾಗೆ ನಡುಗತೊಡಗಿತು. "ಕೈ ಬಿಡಿ, ಕುರ್ಚಿ ಮೇಲೆ ಕೂತ ಹಾಗೆ ಕೂತ್ಕೊಳ್ಳಿ" ಎಂದು ಆಕೆ ಕೂಗಿದರು. ಗಾಳಿಯಲ್ಲಿ ಎಲ್ಲಿಯ ಕುರ್ಚಿ? ನನ್ನ ಬೆರಳುಗಳದು ಉಡದ ಹಿಡಿತ. ಆಕೆ ಅವಸರ ಮಾಡಲಿಲ್ಲ. ಹಗ್ಗವನ್ನು ಒಂದು ಗೇಣು ಬಿಗಿ ಮಾಡಿದರು, ಅಷ್ಟೆ. ಸೊಂಟಕ್ಕೆ ಆ ಎಳೆತ ತಿಳಿಯಿತು. ಒಂದೊಂದೇ ಬೆರಳು ಬಿಡಿಸಿ ಕೂತೆ.

ಮೆಲ್ಲಗೆ ಇಳಿಸಿದರು. ಒಂದು ಅಡಿಕೆಯೂ ಉದುರಲಿಲ್ಲ.

ನೆಲ ಮುಟ್ಟಿ ಗಂಟು ಬಿಚ್ಚಿಸಿಕೊಂಡು ಕೈ ಮುಗಿದೆ. ಆಕೆ ಗಡಿಯಾರ ನೋಡಿದರು, ಆ ಕೈಗೇ ಒಂದು ಪೊರಕೆ ಕೊಟ್ಟರು.