ಪಾಯಿಂಟ್ ವ್ಯತ್ಯಾಸ ಕೆಳಗೇ ಇರಲಿ

ಡಿಸೆಂಬರ್ ಕೊನೆ ಬಂತು ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ನೋಡುವವರೆಲ್ಲ ಕೂಡಿಸಿ ಕಳೆಯುತ್ತಾ ಕೂರುತ್ತಾರೆ. ಇವರು ಸೋತರೆ ನಮ್ಮವರು ಒಳಗೆ, ಅವರು ಗೆದ್ದರೆ ಹೊರಗೆ. ಅದರ ಹಿಂದೆಯೇ ಒಂದು ದೂರೂ ಬರುತ್ತದೆ: ಸಮ ಆದವರಲ್ಲಿ ಯಾರು ಮುಂದೆ ಅಂತ ಬಿಡಿಸುವ ಇಷ್ಟುದ್ದದ ಟೈಬ್ರೇಕರ್ ಪಟ್ಟಿ ಯಾಕೆ ಬೇಕು, ಇಬ್ಬರದ್ದೂ ಗೆಲುವು ಸೋಲು ಸಮ ಆದರೆ ಪಾಯಿಂಟ್ ವ್ಯತ್ಯಾಸ, ಅಂದರೆ ಗಳಿಸಿದ್ದರಲ್ಲಿ ಬಿಟ್ಟುಕೊಟ್ಟಿದ್ದನ್ನು ಕಳೆದರೆ ಉಳಿಯುವುದು, ನೋಡಿದರೆ ಸಾಕಲ್ವಾ? ಕ್ರಿಕೆಟ್ ನೋಡಿ ಬೆಳೆದವರಿಗಂತೂ ನೆಟ್ ರನ್ ರೇಟ್ ರೂಢಿಯಾಗಿರುವುದರಿಂದ ಇದು ಇನ್ನೂ ಸಹಜ ಅನಿಸುತ್ತದೆ. ನನಗೆ ಈ ಮಾತು ಖಂಡಿತ ಒಪ್ಪಿಗೆಯಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲೀಗಿನಲ್ಲಿ 32 ತಂಡಗಳಿವೆ. ಎರಡು ಕಾನ್ಫರೆನ್ಸ್, ಒಂದೊಂದರಲ್ಲೂ ನಾಲ್ಕು ಡಿವಿಷನ್, ಪ್ರತಿ ಡಿವಿಷನ್‌ನಲ್ಲಿ ನಾಲ್ಕು ತಂಡ. ಒಂದು ತಂಡಕ್ಕೆ ಸಿಗುವುದು 17 ಪಂದ್ಯ. ಅದರಲ್ಲಿ ಡಿವಿಷನ್‌ನ ಮೂವರ ಜೊತೆ ಎರಡೆರಡು ಸಲ ಆಡಬೇಕು. ಹಾಗಾಗಿ ಉಳಿದ 31 ತಂಡಗಳಲ್ಲಿ ಎದುರಿಗೆ ಬರುವುದು 14 ಮಾತ್ರ. ಮಿಕ್ಕ 17 ತಂಡಗಳ ಮುಖವನ್ನೇ ನೋಡುವುದಿಲ್ಲ. ಒಬ್ಬರಿಗೆ ಗಟ್ಟಿ ಎದುರಾಳಿಗಳು, ಇನ್ನೊಬ್ಬರಿಗೆ ಹತ್ತು ಪಂದ್ಯ ಸೋತು ಸುಣ್ಣವಾದವರು. ಹೀಗಿರುವಾಗ ಯಾರು ಎಷ್ಟು ಪಾಯಿಂಟ್ ಬಾರಿಸಿದರು ಅಂತ ಅಳೆದು ಏನು ಮಾಡುತ್ತೀರಿ?

ಪ್ರತಿ ಕಾನ್ಫರೆನ್ಸ್‌ನಿಂದ ಏಳು ತಂಡ ಪ್ಲೇಆಫ್‌ಗೆ ಹೋಗುತ್ತವೆ. ನಾಲ್ಕು ಡಿವಿಷನ್ ಗೆದ್ದವರು, ಉಳಿದವರಲ್ಲಿ ಮುಂದಿರುವ ಮೂವರು ವೈಲ್ಡ್ ಕಾರ್ಡ್. ಒಂದೇ ಡಿವಿಷನ್‌ನ ಇಬ್ಬರು ಸಮ ಆದರೆ ಮೊದಲು ಪರಸ್ಪರ ಆಡಿದ ಪಂದ್ಯ ನೋಡುತ್ತಾರೆ. ಅದೂ ಸಮ ಆದರೆ ಡಿವಿಷನ್ ಒಳಗಿನ ದಾಖಲೆ (ಗೆಲುವು ಸೋಲಿನ ಲೆಕ್ಕ), ಆಮೇಲೆ ಇಬ್ಬರಿಗೂ ಸಿಕ್ಕ ಒಂದೇ ಎದುರಾಳಿಗಳ ವಿರುದ್ಧದ ದಾಖಲೆ, ಆಮೇಲೆ ಕಾನ್ಫರೆನ್ಸ್ ದಾಖಲೆ. 2008ರಲ್ಲಿ ಎಎಫ್‌ಸಿ ಕಾನ್ಫರೆನ್ಸಿನ ಈಸ್ಟ್ ಡಿವಿಷನ್‌ನಲ್ಲಿ ಆಗಿದ್ದು ಇದೇ. ಮಯಾಮಿ ಡಾಲ್ಫಿನ್ಸ್ 11-5 (11 ಗೆಲುವು, 5 ಸೋಲು), ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 11-5. ಪರಸ್ಪರ ಒಂದೊಂದು ಗೆಲುವು. ಡಿವಿಷನ್‌ನಲ್ಲಿ ಇಬ್ಬರೂ 4-2. ಒಂದೇ ಎದುರಾಳಿಗಳ ಲೆಕ್ಕವೂ ಸಮ. ಕೊನೆಗೆ ಕಾನ್ಫರೆನ್ಸ್‌ನಲ್ಲಿ ಮಯಾಮಿ 8-4, ನ್ಯೂ ಇಂಗ್ಲೆಂಡ್ 7-5. ಒಂದೇ ಒಂದು ಪಂದ್ಯದ ಅಂತರಕ್ಕೆ ನ್ಯೂ ಇಂಗ್ಲೆಂಡ್ ಕೈಯಿಂದ ಡಿವಿಷನ್ ಹೋಯಿತು, ವೈಲ್ಡ್ ಕಾರ್ಡೂ ಸಿಗಲಿಲ್ಲ. 11 ಗೆದ್ದವರು ಮನೆಯಲ್ಲಿ ಕೂತರು. ಅದೇ ವರ್ಷ 8-8 ಇದ್ದ ಸ್ಯಾನ್ ಡಿಯಾಗೊ ಚಾರ್ಜರ್ಸ್ ಒಳಗೆ ಹೋದರು ಅಂತ ಜನ ಇವತ್ತಿಗೂ ಟೈಬ್ರೇಕರನ್ನು ಬೈಯುತ್ತಾರೆ. ಆದರೆ ಚಾರ್ಜರ್ಸ್ ಹೋಗಿದ್ದು ತಮ್ಮ ಡಿವಿಷನ್ ಗೆದ್ದು. ಡಿವಿಷನ್ ಗೆದ್ದವರಿಗೆ ಜಾಗ ಖಾತ್ರಿ ಅನ್ನುವ ನಿಯಮ ಬೇರೆ, ಸಮ ಆದಾಗ ಬಿಡಿಸುವ ನಿಯಮ ಬೇರೆ.

ಇಷ್ಟಕ್ಕೂ ಬಗೆಹರಿಯದಿದ್ದರೆ ಬರುವುದು ಸ್ಟ್ರೆಂಗ್ತ್ ಆಫ್ ವಿಕ್ಟರಿ. ನೀನು ಎಷ್ಟು ಗೆದ್ದೆ ಅನ್ನುವುದು ಮುಗಿದ ಮಾತು, ಯಾರನ್ನು ಗೆದ್ದೆ ಅನ್ನುವುದು ಇಲ್ಲಿ ಮುಖ್ಯ. ನೀವು ಸೋಲಿಸಿದ ತಂಡಗಳೆಲ್ಲ ಸೇರಿ ಆ ಸೀಸನ್‌ನಲ್ಲಿ ತಮ್ಮ ಪಂದ್ಯಗಳಲ್ಲಿ ಎಷ್ಟು ಪಾಲು ಗೆದ್ದಿವೆ ಅಂತ ನೋಡುತ್ತಾರೆ. ಒಂದೇ ತಂಡವನ್ನು ಎರಡು ಸಲ ಸೋಲಿಸಿದ್ದರೆ ಅದು ಎರಡು ಸಲ ಲೆಕ್ಕಕ್ಕೆ ಬರುತ್ತದೆ.

2010ರ ಎನ್‌ಎಫ್‌ಸಿ, ಅಂದರೆ ಇನ್ನೊಂದು ಕಾನ್ಫರೆನ್ಸ್, ನೋಡಿ. ಗ್ರೀನ್ ಬೇ ಪ್ಯಾಕರ್ಸ್, ನ್ಯೂಯಾರ್ಕ್ ಜೈಂಟ್ಸ್, ಟ್ಯಾಂಪಾ ಬೇ ಬಕನೀರ್ಸ್, ಮೂವರೂ 10-6. ಉಳಿದಿದ್ದು ಒಂದೇ ಜಾಗ. ಪ್ಯಾಕರ್ಸ್ ಕೆಲವೇ ದಿನ ಹಿಂದೆ ಜೈಂಟ್ಸನ್ನು 45-17ರಲ್ಲಿ ಚಚ್ಚಿದ್ದರು. ಆದರೂ ಪರಸ್ಪರ ಪಂದ್ಯದ ಲೆಕ್ಕ ಇಲ್ಲಿ ನಡೆಯಲಿಲ್ಲ, ಯಾಕಂದರೆ ವೈಲ್ಡ್ ಕಾರ್ಡ್‌ಗೆ ಮೂವರು ಪೈಪೋಟಿಗಿದ್ದಾಗ ಒಬ್ಬರು ಉಳಿದ ಇಬ್ಬರನ್ನೂ ಸೋಲಿಸಿರಬೇಕು, ಇಲ್ಲವೇ ಇಬ್ಬರಿಗೂ ಸೋತಿರಬೇಕು. ಬಕನೀರ್ಸ್ ಈ ಇಬ್ಬರ ಜೊತೆ ಆಡಿರಲೇ ಇಲ್ಲ. ಇದು ಸರಿಯಾದ ನಿಯಮ ಅಂತಲೇ ನಾನು ಹೇಳುತ್ತೇನೆ. ಆಡದ ಪಂದ್ಯಕ್ಕೆ ಬಕನೀರ್ಸ್‌ಗೆ ಶಿಕ್ಷೆ ಯಾಕೆ? ಕಾನ್ಫರೆನ್ಸ್ ದಾಖಲೆಯೂ ಮೂವರದ್ದು 8-4 ಇತ್ತು. ಕೊನೆಗೆ ಸ್ಟ್ರೆಂಗ್ತ್ ಆಫ್ ವಿಕ್ಟರಿ: ಪ್ಯಾಕರ್ಸ್ .475, ಜೈಂಟ್ಸ್ .400, ಬಕನೀರ್ಸ್ .344. ಬಕನೀರ್ಸ್‌ನ ಹತ್ತು ಗೆಲುವಿನಲ್ಲಿ ಎರಡು ಬಂದಿದ್ದು ಆ ವರ್ಷ 2-14ರಲ್ಲಿ ಮುಗಿಸಿದ ಕ್ಯಾರೊಲೈನಾ ವಿರುದ್ಧ. ಅಂಕಿ ಕೆಳಗೆ ಬಿದ್ದಿದ್ದರಲ್ಲಿ ಆಶ್ಚರ್ಯವೇನಿಲ್ಲ. ಕೊನೆಯ ಜಾಗ ಹಿಡಿದು ಒಳಗೆ ಬಂದ ಅದೇ ಪ್ಯಾಕರ್ಸ್ ಲೀಗಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಸ್ಟೀಲರ್ಸನ್ನು 31-25ರಲ್ಲಿ ಸೋಲಿಸಿದರು.

ಈಗ ಪಾಯಿಂಟ್ ವ್ಯತ್ಯಾಸದ ವಿಷಯಕ್ಕೆ ಬರೋಣ. ಹಿಂದೆ ಅದು ಪಟ್ಟಿಯಲ್ಲಿ ಮೇಲಿತ್ತು, ಆಗ ಏನಾಯಿತು ಅಂತಲೂ ನಮಗೆ ಗೊತ್ತು. 1979ರಲ್ಲಿ ವಾಷಿಂಗ್ಟನ್ ಕೊನೆಯ ಪಂದ್ಯದಲ್ಲಿ ಡಲ್ಲಾಸ್ ಎದುರು 35-34ರಲ್ಲಿ ಸೋತಿತು. ಒಂದೇ ಪಾಯಿಂಟ್. ಅತ್ತ ಚಿಕಾಗೊ ಬೇರ್ಸ್ ಸೇಂಟ್ ಲೂಯಿಸ್ ಮೇಲೆ 42-6ರಲ್ಲಿ ಗೆದ್ದರು. ಇಬ್ಬರೂ 10-6, ಪಾಯಿಂಟ್ ವ್ಯತ್ಯಾಸದಲ್ಲಿ ಬೇರ್ಸ್ ಒಳಗೆ, ವಾಷಿಂಗ್ಟನ್ ಹೊರಗೆ.

1999ರ ಸೀಸನ್‌ನ ಕೊನೆ ದಿನ, ಅಂದರೆ 2000ದ ಜನವರಿ 2ರಂದು, ಇನ್ನೂ ಬೇಸರದ ಆಟ ನಡೆಯಿತು. ಗ್ರೀನ್ ಬೇ ಮತ್ತು ಕ್ಯಾರೊಲೈನಾ ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಎದುರಾಳಿಗಳ ಜೊತೆ ಆಡುತ್ತಿದ್ದರು. ಆದರೆ ಪ್ಲೇಆಫ್ ಜಾಗಕ್ಕಾಗಿ ಪಾಯಿಂಟ್ ವ್ಯತ್ಯಾಸದ ನಿಜವಾದ ಪೈಪೋಟಿ ಇದ್ದದ್ದು ಅವರಿಬ್ಬರ ನಡುವೆ. ಕಣ್ಣು ಇನ್ನೊಬ್ಬರ ಪಂದ್ಯದ ಸ್ಕೋರ್ ಮೇಲೆ, ಗೆಲುವು ಕೈಯಲ್ಲಿದ್ದರೂ ಇನ್ನೊಂದು ಟಚ್‌ಡೌನ್ (ಆರು ಪಾಯಿಂಟ್) ಬೇಕು, ಮತ್ತೊಂದು ಬೇಕು. ಗ್ರೀನ್ ಬೇ 49-24, ಕ್ಯಾರೊಲೈನಾ 45-13. ಎದುರಿಗೆ ಸೋತು ನಿಂತವರ ಮೇಲೆ ಸುಮ್ನೆ ಪಾಯಿಂಟ್ ಪೇರಿಸುವ ಕೆಲಸ. ಆಮೇಲೆ ಡಲ್ಲಾಸ್ ಜೈಂಟ್ಸನ್ನು ಸೋಲಿಸಿ ಒಳಗೆ ಹೋಯಿತು, ಇಬ್ಬರಿಗೂ ಜಾಗ ಸಿಗಲಿಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರತಿ ಡೌನ್‌ಗೂ, ಅಂದರೆ ಚೆಂಡು ಮುಂದೆ ಒಯ್ಯುವ ಪ್ರತಿ ಪ್ರಯತ್ನಕ್ಕೂ, ಮೈಗೆ ಮೈ ಗುದ್ದುತ್ತದೆ. ಮುಗಿದ ಪಂದ್ಯವನ್ನು ಪಾಯಿಂಟಿಗೋಸ್ಕರ ಎಳೆದರೆ ಯಾರದ್ದೋ ಮಂಡಿ ಹೋಗುತ್ತದೆ. ಈಗ ಪಾಯಿಂಟಿನ ಲೆಕ್ಕಗಳೆಲ್ಲ ಪಟ್ಟಿಯ ಕೆಳಗಿವೆ, ಅದಕ್ಕೂ ಕೆಳಗೆ ಇರುವುದು ಟಚ್‌ಡೌನ್ ವ್ಯತ್ಯಾಸ, ಕಡೆಗೆ ನಾಣ್ಯ ಚಿಮ್ಮುವುದು. ಅಲ್ಲೇ ಇರಲಿ.

2024ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಮ್ಮ ಪಂದ್ಯ ಮುಗಿಸಿ ಕೂತಿದ್ದಾಗ ಬೇರೆಯವರ ಫಲಿತಾಂಶಗಳಿಂದ ಸ್ಟ್ರೆಂಗ್ತ್ ಆಫ್ ವಿಕ್ಟರಿಯಲ್ಲಿ ಡಿವಿಷನ್ ಗೆದ್ದರು, ಸಿಯಾಟಲ್ ಕೂಡ ಕೊನೆಗೆ 10-7 ಆಗಿಯೂ ಹೊರಗುಳಿಯಿತು. ಬೇರೆಯವರ ಪಂದ್ಯದ ಮೇಲೆ ನಮ್ಮ ಹಣೆಬರಹ ಯಾಕೆ ಅಂತ ಸಿಯಾಟಲ್ ಅಭಿಮಾನಿಗಳು ಸಿಟ್ಟಾದರೆ ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ತಂಡಗಳನ್ನು ರ‍್ಯಾಮ್ಸ್ ಮೈದಾನದಲ್ಲಿ ಆಡಿಯೇ ಸೋಲಿಸಿದ್ದು.

ನಾನು ಬದಲಾಯಿಸಿ ಅಂತ ಕೇಳುವುದು ಒಂದೇ. ಡಿವಿಷನ್ ಲೆಕ್ಕದಲ್ಲಿ ಒಂದೇ ಎದುರಾಳಿಗಳ ವಿರುದ್ಧದ ದಾಖಲೆ ಕಾನ್ಫರೆನ್ಸ್ ದಾಖಲೆಗಿಂತ ಮುಂದೆ ಬರುತ್ತದೆ, ವೈಲ್ಡ್ ಕಾರ್ಡ್‌ನಲ್ಲಿ ಮಾತ್ರ ಹಿಂದೆ. ಅಂಥ ಪಂದ್ಯ ಕನಿಷ್ಠ ನಾಲ್ಕು ಇರಬೇಕು ಅನ್ನುವ ಷರತ್ತು ಹೇಗೂ ಇದೆ. ನಾಲ್ಕು ಇದ್ದಾಗ ಅದನ್ನೇ ಮೊದಲು ನೋಡಿ. ಅದೇ ತಂಡಗಳ ಎದುರು ನೀನೇನು ಮಾಡಿದೆ, ಅವನೇನು ಮಾಡಿದ ಅನ್ನುವುದಕ್ಕಿಂತ ನೇರವಾದ ಅಳತೆ, ಪರಸ್ಪರ ಆಡದ ಇಬ್ಬರ ನಡುವೆ, ನನಗಂತೂ ಕಾಣುತ್ತಿಲ್ಲ.