ಎಂಜಲು ಗಾಳಿ ಮತ್ತು ತೆಗೆಯಲು ಬಾರದ ಕಿಟಕಿ

ಒಬ್ಬರು ಕುಡಿದು ಬಿಟ್ಟ ನೀರನ್ನು ಇನ್ನೊಬ್ಬರ ಮಗುವಿಗೆ ಕೊಟ್ಟು ನೋಡಿ, ಶಾಲೆಯ ಗೇಟಿನಲ್ಲೇ ಜಗಳ ಆಗುತ್ತದೆ. ಅದೇ ಒಬ್ಬರು ಉಸಿರಾಡಿ ಬಿಟ್ಟ ಗಾಳಿಯನ್ನು ನಲವತ್ತು ಮಕ್ಕಳು ದಿನಕ್ಕೆ ಆರು ಗಂಟೆ ಹಂಚಿಕೊಳ್ಳುತ್ತಾರೆ. ಯಾರೂ ತುಟಿಪಿಟಕ್ ಅನ್ನುವುದಿಲ್ಲ. ಎಂಟು ತಿಂಗಳ ಹಿಂದಿನವರೆಗೆ ನಾನೂ ಅಂದಿರಲಿಲ್ಲ.

ಶುರುವಾಗಿದ್ದು ಮಗಳ ತಲೆನೋವಿನಿಂದ. ಸಂಜೆ ಬಂದವಳೇ ಬ್ಯಾಗ್ ಎಸೆದು ಮಲಗುತ್ತಿದ್ದಳು. ಕಣ್ಣು ತೋರಿಸಿದೆವು, ಏನೂ ಇಲ್ಲ ಅಂದರು. ನಿದ್ದೆ ಸಾಲುತ್ತಿಲ್ಲವೇನೋ ಅಂತ ಬೇಗ ಮಲಗಿಸಿದೆವು. ರಜೆ ಬಂತು, ತಲೆನೋವು ಹೋಯಿತು. ಶಾಲೆ ಶುರುವಾಯಿತು, ತಲೆನೋವೂ ವಾಪಸ್ ಬಂತು. ಶಾಲೆಗೆ ಹೋಗೋಕೆ ಸೋಮಾರಿತನ ನಿನಗೆ ಅಂತ ನಾನೇ ಬೈದಿದ್ದೂ ಉಂಟು. ಆಮೇಲೆ ಒಂದು ದಿನ ಅವಳನ್ನು ಮಧ್ಯಾಹ್ನವೇ ಕರೆದುಕೊಂಡು ಬರಬೇಕಾಯಿತು. ತರಗತಿಯ ಬಾಗಿಲು ತಳ್ಳಿದೆ. ಒಳಗಿನ ಗಾಳಿ ಮುಖಕ್ಕೆ ಬಂದು ಬಡಿಯಿತು. ಬೆಚ್ಚಗೆ, ಒದ್ದೆ ಒದ್ದೆ, ಬೆವರು, ಒಣಗದ ಸಾಕ್ಸ್, ಮಾರ್ಕರ್ ಪೆನ್ನಿನ ವಾಸನೆ ಎಲ್ಲಾ ಕಲಸಿದ ಹಾಗೆ. ಟೀಚರ್ ನಗುತ್ತಾ "ಬನ್ನಿ" ಅಂದರು. ಅವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಮೂಗು ಅಷ್ಟು ಬೇಗ ಒಗ್ಗಿಕೊಳ್ಳುತ್ತದೆ. ಹಿಂದಿನ ಬೆಂಚಿನ ಇಬ್ಬರು ಕೈ ಮೇಲೆ ತಲೆ ಇಟ್ಟು ಮಲಗಿದ್ದರು. ಕಿಟಕಿಗಳು ಐದಿದ್ದವು, ಐದೂ ಮುಚ್ಚಿದ್ದವು.

ಆಮೇಲೆ ಒಂದು ಮೀಟರ್ ಕೊಂಡೆ. ಅಂಗೈ ಅಗಲದ ಡಬ್ಬಿ, ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ತೋರಿಸುತ್ತದೆ. ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವ ಸೆನ್ಸರ್ ಇರುವುದನ್ನೇ ನೋಡಿ ತಗೊಳ್ಳಿ, ತೀರಾ ಅಗ್ಗದವು ಸುಮ್ನೆ ಅಂದಾಜಿನ ಮೇಲೆ ಅಂಕಿ ತೋರಿಸುತ್ತವೆ. ಬಯಲಲ್ಲಿ ಇಟ್ಟರೆ ಸುಮಾರು 420 ಪಿಪಿಎಂ ತೋರಿಸಬೇಕು. ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು. ನಾವು ಹೊರಗೆ ಬಿಡುವ ಉಸಿರಿನಲ್ಲಿ ಅದು ಸುಮಾರು 40,000. ಹಾಗಾಗಿ ಮುಚ್ಚಿದ ಕೋಣೆಯಲ್ಲಿ ಅಂಕಿ ಏರುತ್ತಿದೆ ಅಂದರೆ ಒಳಗೆ ಬರೀ ಉಸಿರು ತುಂಬುತ್ತಿದೆ, ಹೊಸ ಗಾಳಿ ಬರುತ್ತಿಲ್ಲ ಅಂತ ಅರ್ಥ. ತರಗತಿಯಲ್ಲಿ ಸಿಗುವ ಮಟ್ಟದ ಕಾರ್ಬನ್ ಡೈಆಕ್ಸೈಡ್ ವಿಷವೇನಲ್ಲ. ನನ್ನ ಮಗಳ ತಲೆನೋವಿಗೆ ಅದೇ ಕಾರಣ ಅಂತ ನಾನು ಎಲ್ಲೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಅದು ಒಂದು ಗುರುತು ಅಷ್ಟೇ. ಆ ಉಸಿರಿನ ಜೊತೆ ಇನ್ನೇನೇನು ತೇಲುತ್ತಿರುತ್ತದೆ ಅನ್ನುವುದು ಮುಖ್ಯ.

ಲೆಕ್ಕ ನೀವೇ ಹಾಕಬಹುದು. 9 ಮೀಟರ್ ಉದ್ದ, 7 ಮೀಟರ್ ಅಗಲ, 3 ಮೀಟರ್ ಎತ್ತರದ ತರಗತಿ ಅಂದುಕೊಳ್ಳಿ. ಒಳಗೆ 189 ಘನ ಮೀಟರ್ ಗಾಳಿ ಇರುತ್ತದೆ. ಕುಳಿತು ಓದುವ ಮಗು ಗಂಟೆಗೆ ಸುಮಾರು 14 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ನಲವತ್ತು ಮಕ್ಕಳಾದರೆ 560 ಲೀಟರ್ ಆಯಿತು. ಎಲ್ಲಾ ಮುಚ್ಚಿದ್ದರೆ ಒಂದೇ ಗಂಟೆಯಲ್ಲಿ ಅಂಕಿ ಹತ್ತಿರ ಹತ್ತಿರ 3,000 ಏರುತ್ತದೆ. ಬಾಗಿಲ ಸಂದಿ ಗಿಂದಿ ಲೆಕ್ಕಕ್ಕೆ ಹಿಡಿದರೂ ಎರಡನೇ ಪೀರಿಯಡ್ ಮುಗಿಯುವ ಹೊತ್ತಿಗೆ 2,000 ದಾಟುವುದರಲ್ಲಿ ಆಶ್ಚರ್ಯವಿಲ್ಲ.

ಎಷ್ಟಿದ್ದರೆ ಸರಿ? ಈ ಪ್ರಶ್ನೆಗೆ ಉತ್ತರ ನಿನ್ನೆ ಮೊನ್ನೆಯದಲ್ಲ. ಜರ್ಮನಿಯ ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಅಂತ ಒಬ್ಬ ವಿಜ್ಞಾನಿ ಇದ್ದ. ಜನ ಇರುವ ಕೋಣೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಸಾವಿರಕ್ಕೆ ಒಂದು ಪಾಲು ದಾಟಬಾರದು ಅಂತ 1858ರಲ್ಲೇ ಹೇಳಿದ. ಅಂದರೆ 1,000 ಪಿಪಿಎಂ. ಇವತ್ತಿಗೂ ಎಷ್ಟೋ ಕಡೆ ಮಾತು ಈ ಅಂಕಿಯ ಸುತ್ತಲೇ ಸುತ್ತುತ್ತದೆ. ತಮಾಷೆ ಅಂದರೆ ಇದೇ ಮನುಷ್ಯ ಕಾಲರಾ ವಿಷಯದಲ್ಲಿ ಪೂರ್ತಿ ಎಡವಿದ. ರೋಗಾಣು ಒಂದರಿಂದಲೇ ಕಾಲರಾ ಬರಲ್ಲ ಅಂತ ಸಾಧಿಸಲು 1892ರಲ್ಲಿ ಕಾಲರಾ ರೋಗಾಣು ಇದ್ದ ದ್ರವವನ್ನೇ ಕುಡಿದುಬಿಟ್ಟ. ಬದುಕಿಕೊಂಡ, ಅದು ಬೇರೆ ವಿಷಯ.

ಇಷ್ಟೆಲ್ಲಾ ಓದಿಕೊಂಡು ನಾನು ಮಾಡಿದ ಮೊದಲ ಕೆಲಸ, ಹದಿನಾಲ್ಕು ಪುಟದ ಪತ್ರ ಬರೆದು ಶಾಲೆಗೆ ಕಳಿಸಿದ್ದು. ಮುಖ್ಯ ಶಿಕ್ಷಕಿಯಿಂದ ಎರಡು ಸಾಲು ಬಂತು: "ನಿಮ್ಮ ಕಾಳಜಿಗೆ ಧನ್ಯವಾದ. ಗಮನಿಸುತ್ತೇವೆ." ಪೋಷಕರ ವಾಟ್ಸಾಪ್ ಗುಂಪಿನಲ್ಲೂ ಹಾಕಿದೆ. ಮೂರು ಥಂಬ್ಸ್ ಅಪ್ ಬಂದವು, ಆಮೇಲೆ ಯೂನಿಫಾರ್ಮ್ ಬಣ್ಣದ ಮಾತು ಶುರುವಾಯಿತು. ಒಬ್ಬರು ಮಾತ್ರ ಖಾಸಗಿಯಾಗಿ ಮೆಸೇಜ್ ಮಾಡಿದರು: "ಕೊರೋನಾ ಮುಗೀತಲ್ಲ, ಈಗ್ಯಾಕೆ ಇದೆಲ್ಲ?"

ತಪ್ಪು ನನ್ನದೇ. ಪತ್ರದ ತುಂಬ ಸೋಂಕು, ವೈರಸ್, ಶೇಕಡಾವಾರು. ಓದಿದವರಿಗೆ ಒಂದೋ ಭಯ ಆಗಬೇಕು, ಇಲ್ಲ ರೇಗಬೇಕು. ಟೀಚರ್‌ಗಳಿಗಂತೂ 'ನೀವು ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ' ಅಂದ ಹಾಗೆ ಕೇಳಿಸಿತ್ತಂತೆ. ಎಲ್ಲರಿಗಿಂತ ಜಾಸ್ತಿ ಹೊತ್ತು ಆ ಗಾಳಿ ಕುಡಿಯುವವರು ಅವರೇ ಅಲ್ವಾ? ಅದು ನನಗೆ ಹೊಳೆದದ್ದು ತಡವಾಗಿ.

ಮುಂದಿನ ಪೋಷಕರ ಸಭೆಗೆ ನಾನು ಕಾಗದ ಒಯ್ಯಲಿಲ್ಲ. ಮೀಟರ್ ಒಯ್ದೆ. ಒಂದು ತರಗತಿಯಲ್ಲೇ ಸಭೆ, ನಲವತ್ತೈದು ಜನ ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂತಿದ್ದೆವು. ಗಲಾಟೆ ಕೇಳಬಾರದು ಅಂತ ಬಾಗಿಲು ಹಾಕಿದ್ದರು. ಮೀಟರನ್ನು ಮೇಜಿನ ಅಂಚಿಗೆ, ಯಾರ ಮೂಗಿಗೂ ಹತ್ತಿರ ಇಲ್ಲದ ಹಾಗೆ ಇಟ್ಟೆ. 610 ಇತ್ತು. ಪರೀಕ್ಷೆ ವೇಳಾಪಟ್ಟಿ ಮುಗಿಯುವಾಗ 1,200. ವಾರ್ಷಿಕೋತ್ಸವದ ಮಾತು ಬಂದಾಗ 1,700. ಪಕ್ಕದಲ್ಲಿದ್ದವರು ಪಿಸುಗುಟ್ಟಿದರು: "ಏನ್ರೀ ಅದು, ಏರ್ತಾನೇ ಇದೆ?" ಹೇಳಿದೆ. ಅವರು ಪಕ್ಕದವರಿಗೆ ಹೇಳಿದರು. ಐದು ನಿಮಿಷದಲ್ಲಿ ಭಾಷಣ ಕೇಳುವವರೇ ಇಲ್ಲ, ಎಲ್ಲರ ಕಣ್ಣೂ ಡಬ್ಬಿ ಮೇಲೆ. 2,140 ಆದಾಗ ಮುಖ್ಯ ಶಿಕ್ಷಕಿ ಮಾತು ನಿಲ್ಲಿಸಿ "ಅದೇನು ಅಂತ ನನಗೂ ಹೇಳಿ" ಅಂದರು.

"ಮೇಡಂ, ಈಗ ನಾವು ಎಳೆದುಕೊಳ್ಳುವ ಇಪ್ಪತ್ತಮೂರು ಉಸಿರಿನಲ್ಲಿ ಒಂದು ಉಸಿರು ಈ ಕೋಣೆಯಲ್ಲೇ ಯಾರೋ ಬಿಟ್ಟಿದ್ದು" ಅಂದೆ. ಲೆಕ್ಕ ಸುಲಭ. ಹೊರಗಿನ 420 ಕಳೆದರೆ ಉಳಿದ 1,720 ಬಂದಿರುವುದು ನಮ್ಮ ಉಸಿರಿನಿಂದ, ಉಸಿರಿನಲ್ಲಿರುವುದು 40,000. ಭಾಗಿಸಿದರೆ ಬರುವುದು ಅದೇ. ಹಿಂದಿನಿಂದ ಒಬ್ಬರು "ಎಂಜಲು ಗಾಳಿ ಅನ್ನಿ!" ಅಂದರು. ಎಲ್ಲರೂ ನಕ್ಕರು, ಆದರೆ ಆ ಮಾತು ಅಲ್ಲೇ ಅಂಟಿಕೊಂಡಿತು. ನನ್ನ ಹದಿನಾಲ್ಕು ಪುಟ ಮಾಡದ ಕೆಲಸವನ್ನು ಆ ಎರಡು ಪದ ಮಾಡಿದವು.

ಮುಖ್ಯ ಶಿಕ್ಷಕಿ ತಾವೇ ಎದ್ದು ಹೋಗಿ ಕಿಟಕಿ ತಳ್ಳಿದರು. ಬರಲಿಲ್ಲ. ಇನ್ನೊಂದನ್ನು ತಳ್ಳಿದರು. ಅದೂ ಬರಲಿಲ್ಲ. ಎಂದೋ ಬಣ್ಣ ಬಳಿಯುವಾಗ ಚೌಕಟ್ಟಿಗೂ ಬಾಗಿಲಿಗೂ ಸೇರಿಸಿ ಬಳಿದುಬಿಟ್ಟಿದ್ದಾರೆ, ಪೇಂಟ್ ಗೋಂದಿನ ಹಾಗೆ ಹಿಡಿದಿದೆ. ಮೂರನೆಯದರ ಚಿಲಕ ತುಕ್ಕು ಹಿಡಿದಿತ್ತು. ನಾಲ್ಕನೆಯದಕ್ಕೆ ಅಡ್ಡವಾಗಿ ಹಳೇ ಪುಸ್ತಕದ ಕಬ್ಬಿಣದ ಬೀರು. ಐದನೆಯದು ತೆಗೆಯಿತು, ಒಂದು ಗೇಣು. ಅವರು ಅಂಗೈಗೆ ಅಂಟಿದ ತುಕ್ಕನ್ನು ನೋಡಿಕೊಂಡು ನಿಂತಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸೋಂಕಿನ ಮಾತು ಬಿಟ್ಟುಬಿಡಬೇಕು ಅಂತಲ್ಲ. ಅದಕ್ಕೆ ಹೊತ್ತು ಗೊತ್ತು ಇದೆ. 1974ರಲ್ಲಿ ಅಮೆರಿಕದ ರೋಚೆಸ್ಟರ್ ನಗರದ ಹತ್ತಿರದ ಒಂದು ಶಾಲೆಯಲ್ಲಿ ಒಂದು ಮಗುವಿಗೆ ದಡಾರ ಬಂತು. ಅದೊಂದು ಮಗುವಿನಿಂದ 28 ಮಕ್ಕಳಿಗೆ ಹರಡಿತು. ಆ ಮಕ್ಕಳು ಇದ್ದದ್ದು 14 ಬೇರೆ ಬೇರೆ ತರಗತಿಗಳಲ್ಲಿ. ಹೆಚ್ಚಿನವರು ಆ ಮಗುವಿನ ಜೊತೆ ಒಂದೇ ಕೋಣೆಯಲ್ಲಿ ಕೂತೇ ಇರಲಿಲ್ಲ. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುವ ವ್ಯವಸ್ಥೆ ಆ ಕಟ್ಟಡದಲ್ಲಿತ್ತು, ದಡಾರ ಅದರ ಬೆನ್ನೇರಿ ಕೋಣೆಯಿಂದ ಕೋಣೆಗೆ ಹೋಯಿತು. ಇಷ್ಟು ಗೊತ್ತಿದ್ದೂ 2020ರ ಮಾರ್ಚ್‌ನಲ್ಲಿ ಕೋವಿಡ್ ಗಾಳಿಯಲ್ಲಿ ಹರಡಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಟ್ವೀಟ್ ಮಾಡಿತ್ತು. ಗಾಳಿಯಲ್ಲೂ ಹರಡುತ್ತದೆ, ಗಮನ ಕೊಡಿ ಅಂತ ಆ ಜುಲೈನಲ್ಲಿ 239 ವಿಜ್ಞಾನಿಗಳು ಸೇರಿ ಬಹಿರಂಗ ಪತ್ರ ಬರೆಯಬೇಕಾಯಿತು. ನಾವೆಲ್ಲ ಅಷ್ಟು ದಿನ ಬಾಗಿಲ ಹಿಡಿಕೆ, ಬೆಂಚು ಒರೆಸಿದ್ದೇ ಒರೆಸಿದ್ದು. ಇಟಲಿಯ ಮಾರ್ಕೆ ಪ್ರಾಂತ್ಯದಲ್ಲಿ 10,000ಕ್ಕೂ ಹೆಚ್ಚು ತರಗತಿಗಳನ್ನು ಹೋಲಿಸಿ ನೋಡಿದರು. ಅದರಲ್ಲಿ 316ಕ್ಕೆ ಮಾತ್ರ ಯಂತ್ರದಿಂದ ಹೊಸ ಗಾಳಿ ಬರುತ್ತಿತ್ತು. ಒಬ್ಬ ವಿದ್ಯಾರ್ಥಿಗೆ ಸೆಕೆಂಡಿಗೆ 10 ಲೀಟರ್‌ಗಿಂತ ಜಾಸ್ತಿ ಗಾಳಿ ಸಿಗುತ್ತಿದ್ದ ಕಡೆ ಕೋವಿಡ್ ಅಪಾಯ ಕನಿಷ್ಠ ಶೇ 80ರಷ್ಟು ಕಡಿಮೆ ಇತ್ತು. ಶೀತ ಜ್ವರ ಅಂತ ಮಕ್ಕಳು ಶಾಲೆ ತಪ್ಪಿಸುವುದನ್ನು ನೆನೆಸಿಕೊಂಡರೆ ಇದು ಸಣ್ಣ ಮಾತಲ್ಲ.

ನಮ್ಮ ಶಾಲೆಯಲ್ಲಿ ಆಮೇಲೆ ಆಗಿದ್ದು ಯಾವ ಕ್ರಾಂತಿಯೂ ಅಲ್ಲ. ಒಂದು ಶನಿವಾರ ಎಂಟು ಜನ ಪೋಷಕರು, ಇಬ್ಬರು ಟೀಚರ್, ಶಾಲೆಯ ಸಹಾಯಕರು ಸೇರಿ ಹಳೇ ಚಾಕುವಿನಿಂದ ಪೇಂಟ್ ಕೆರೆದೆವು. ಚಿಲಕಕ್ಕೆ ಎಣ್ಣೆ ಬಿಟ್ಟೆವು. ಬೀರು ಸರಿಸುವುದೇ ದೊಡ್ಡ ಹೋರಾಟ, ಅದರೊಳಗೆ ಯಾರೂ ತೆರೆಯದ ಪುಸ್ತಕಗಳ ಜೊತೆ ಎರಡು ಒಡೆದ ಗ್ಲೋಬ್ ಸಿಕ್ಕಿದವು. ಎದುರು ಬದುರು ತೆರೆದರೆ ಗಾಳಿ ಹಾಯುತ್ತದೆ, ಒಂದೇ ಕಡೆ ತೆರೆದರೆ ಅಷ್ಟಾಗಿ ಆಡುವುದಿಲ್ಲ. ಹಾಗಾಗಿ ಕಾರಿಡಾರ್ ಕಡೆಯ ವೆಂಟಿಲೇಟರುಗಳನ್ನೂ ಬಿಡಿಸಿದೆವು. ಪೀರಿಯಡ್ ನಡುವೆ ಐದು ನಿಮಿಷ ಎಲ್ಲಾ ತೆರೆದಿಡುವುದು ಅಂತ ಆಯಿತು. ಮೀಟರ್ ಗೋಡೆಗೆ ಹೋಯಿತು, ಮಕ್ಕಳ ತಲೆಗಿಂತ ಸ್ವಲ್ಪ ಎತ್ತರದಲ್ಲಿ, ಕಿಟಕಿಯಿಂದ ದೂರ. 1,000 ದಾಟಿದರೆ ಎದ್ದು ಕಿಟಕಿ ತೆಗೆಯುವ ಅಧಿಕಾರ ಮಕ್ಕಳಿಗೇ. ನಾಲ್ಕನೇ ಕ್ಲಾಸಿನವರು ಈ ಅಧಿಕಾರವನ್ನು ಎಷ್ಟು ಗಂಭೀರವಾಗಿ ತಗೊಂಡಿದ್ದಾರೆ ಅಂದರೆ, 997 ಆದಾಗಿಂದಲೇ ಕುರ್ಚಿ ಸರಿಸುವ ಸದ್ದು ಶುರು.

ತಕರಾರು ಇಲ್ಲದೆ ಇಲ್ಲ. ರಸ್ತೆ ಕಡೆಯ ತರಗತಿಯವರಿಗೆ ಹಾರ್ನ್, ಹೊಗೆ, ಧೂಳು. ಅವರ ಮಾತು ನಿಜ. ಹೊರಗಿನ ಗಾಳಿಯೇ ಕೆಟ್ಟಿದ್ದರೆ ಕಿಟಕಿ ಒಂದೇ ಉತ್ತರ ಆಗಲ್ಲ, ಅಲ್ಲಿ ಫಿಲ್ಟರ್ ಬೇಕು. ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ನಮ್ಮಲ್ಲೇ ಎಡವಟ್ಟಾಯಿತು. ಒಬ್ಬ ಪೋಷಕರು ಏರ್ ಪ್ಯೂರಿಫೈಯರ್ ಕೊಡಿಸಿದರು. ಹಾಕಿದರೂ ಮೀಟರಿನ ಅಂಕಿ ಇಳಿಯಲೇ ಇಲ್ಲ. "ಇದು ಮೋಸ" ಅಂತ ಗಲಾಟೆ ಎದ್ದಿತು. ಮೋಸ ಅಲ್ಲ. ಅದರೊಳಗಿನ ಹೆಪಾ ಅನ್ನುವ ದರ್ಜೆಯ ಫಿಲ್ಟರ್ 0.3 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾತ್ರದ ಕಣಗಳಲ್ಲಿ ಶೇ 99.97 ಹಿಡಿಯುತ್ತದೆ. ಧೂಳು, ಹೊಗೆ, ವೈರಸ್ ಹೊತ್ತ ಹನಿ ಎಲ್ಲವೂ ಸಿಕ್ಕಿಬೀಳುತ್ತವೆ. ಆದರೆ ಕಾರ್ಬನ್ ಡೈಆಕ್ಸೈಡ್ ಅನಿಲ, ಅದು ನುಸುಳಿ ಹೋಗುತ್ತದೆ. ಫಿಲ್ಟರ್ ಹಾಕಿದ ಕೋಣೆಯಲ್ಲಿ ಮೀಟರ್ ಅರ್ಧ ಕಥೆ ಮಾತ್ರ ಹೇಳುತ್ತದೆ. ಓಝೋನ್ ಬಿಡುವ ಯಂತ್ರ ಮಾತ್ರ ಯಾರು ಬಿಟ್ಟಿ ಕೊಟ್ಟರೂ ಬೇಡ, ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು.

ಗಾತ್ರವೂ ನೋಡಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಹೇಳಿದ್ದು, ಗಂಟೆಗೆ ಕೋಣೆಯ ಗಾಳಿ ಐದು ಸಲ ಬದಲಾದ ಹಾಗೆ ಆಗಬೇಕು ಅಂತ. ಕಿಟಕಿಯಿಂದ ಬರುವ ಗಾಳಿ, ಫಿಲ್ಟರ್ ತೊಳೆದ ಗಾಳಿ ಎರಡೂ ಸೇರಿ. ನಮ್ಮ 189 ಘನ ಮೀಟರ್ ಕೋಣೆಗೆ ಅದು ಗಂಟೆಗೆ 945 ಘನ ಮೀಟರ್ ಗಾಳಿ. ಮನೆಯ ಬೆಡ್‌ರೂಮಿಗೆ ಅಂತ ಮಾಡಿದ ಒಂದು ಪುಟ್ಟ ಯಂತ್ರ ಮೂಲೆಯಲ್ಲಿಟ್ಟು ಕೈ ತೊಳೆದುಕೊಂಡರೆ ಆಗಲ್ಲ. ದೊಡ್ಡ ಸದ್ದಿನ ಒಂದಕ್ಕಿಂತ ಕಡಿಮೆ ವೇಗದಲ್ಲಿ ಓಡುವ ಎರಡು ಮೇಲು. ಸದ್ದು ಜಾಸ್ತಿಯಾದರೆ ಪಾಠ ಮಾಡುವವರು ಆಫ್ ಮಾಡೇ ಮಾಡುತ್ತಾರೆ, ನಾನಾದರೂ ಅದನ್ನೇ ಮಾಡುತ್ತಿದ್ದೆ. ಕೈಯಲ್ಲೇ ಮಾಡಿಕೊಳ್ಳುವುದೂ ಇದೆ. 2020ರಲ್ಲಿ ರಿಚರ್ಡ್ ಕೋರ್ಸಿ, ಜಿಮ್ ರೋಸೆಂತಾಲ್ ಅನ್ನುವ ಇಬ್ಬರು ಕೊಟ್ಟ ಉಪಾಯ ಅದು. ಮರ್ವ್ 13 ದರ್ಜೆಯ (ಫಿಲ್ಟರ್ ಎಷ್ಟು ಸಣ್ಣ ಕಣ ಹಿಡಿಯುತ್ತದೆ ಅನ್ನುವ ಅಳತೆ ಇದು) ನಾಲ್ಕೈದು ಫಿಲ್ಟರುಗಳನ್ನು ಡಬ್ಬದ ಹಾಗೆ ಟೇಪ್ ಸುತ್ತಿ ಜೋಡಿಸಿ, ಮೇಲೆ ಚೌಕದ ಫ್ಯಾನ್ ಕೂರಿಸುವುದು. ನೋಡೋಕೆ ಚೆಂದವಿಲ್ಲ. ನಮ್ಮ ಏಳನೇ ಕ್ಲಾಸಿನವರು ವಿಜ್ಞಾನ ಪೀರಿಯಡ್ಡಿನಲ್ಲಿ ಒಂದು ಮಾಡಿ, ಕಣ್ಣು ಬಾಯಿ ಬರೆದು ಚೆಂದ ಮಾಡಿದ್ದಾರೆ.

ನಿಮ್ಮ ಶಾಲೆಯಲ್ಲೂ ಕೇಳಬೇಕು ಅಂದುಕೊಂಡವರಿಗೆ ನನ್ನ ಒಂದೇ ಒತ್ತಾಯ: ಮೊದಲು ಅಳೆದು, ಅಂಕಿ ಎಲ್ಲರಿಗೂ ಕಾಣುವ ಕಡೆ ಇಡಿ. ಇಂಗ್ಲೆಂಡಿನಲ್ಲಿ 2021ರಲ್ಲಿ ಸರ್ಕಾರವೇ ಶಾಲೆಗಳಿಗೆ 3 ಲಕ್ಷದಷ್ಟು ಮೀಟರ್ ಹಂಚಿತು. ಅಮೆರಿಕದ ಬಾಸ್ಟನ್‌ನ ಸರ್ಕಾರಿ ಶಾಲೆಗಳು ತರಗತಿ ತರಗತಿಗೂ ಸೆನ್ಸರ್ ಹಾಕಿ, ಯಾರು ಬೇಕಾದರೂ ನೋಡುವ ಹಾಗೆ ಅಂಕಿಗಳನ್ನು ಇಂಟರ್‌ನೆಟ್ಟಿಗೇ ಬಿಟ್ಟವು. ನನಗೆ ಎರಡನೆಯದೇ ಇಷ್ಟ. ಕಚೇರಿಯ ಡ್ರಾಯರಿನಲ್ಲಿ ಮಲಗಿದ ಮೀಟರ್ ಯಾರಿಗೂ ಮುಜುಗರ ಮಾಡುವುದಿಲ್ಲ. ಯಾರ ಮೇಲೂ ತಪ್ಪು ಹೊರಿಸದೆ ಮುಜುಗರ ಮಾಡುವ ವಸ್ತು ನಾನು ಕಂಡಿದ್ದು ಎಲ್ಲರಿಗೂ ಕಾಣುವ ಮೀಟರ್ ಒಂದೇ.

ಮಗಳ ತಲೆನೋವು ಕಡಿಮೆಯಾಗಿದೆ. ಕಿಟಕಿಯಿಂದಲೋ, ವಯಸ್ಸಿಗೋ, ಬೇಗ ಮಲಗಿದ್ದಕ್ಕೋ ಗೊತ್ತಿಲ್ಲ. ನಾನು ಕೇಳುವುದನ್ನೂ ಬಿಟ್ಟಿದ್ದೇನೆ.

ಈಗ ಉಳಿದಿರುವುದು ಕಂಪ್ಯೂಟರ್ ಲ್ಯಾಬ್. ಅದಕ್ಕೆ ಕಿಟಕಿಯೇ ಇಲ್ಲ, ಎಸಿ ಇದೆ. ಅದು ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ವಾಪಸ್ ಬಿಡುತ್ತದೆ, ಹೊರಗಿನದನ್ನು ತರುವುದಿಲ್ಲ. ಅಲ್ಲಿಗೆ ಎಕ್ಸಾಸ್ಟ್ ಫ್ಯಾನ್, ಹೊಸ ಗಾಳಿ ಬರೋಕೆ ಒಂದು ದಾರಿ ಬೇಕು ಅಂತ ಕೇಳಿದೆ. ಈ ಸಲ ಅರ್ಧ ಪುಟದ ಪತ್ರ. ಮುಖ್ಯ ಶಿಕ್ಷಕಿ ಓದಿ, ಕನ್ನಡಕ ತೆಗೆದು, "ಮೊದಲು ಆ ನಿಮ್ಮ ಡಬ್ಬಿ ಅಲ್ಲಿ ಒಂದು ವಾರ ಇಡಿ, ಆಮೇಲೆ ಮಾತಾಡೋಣ" ಅಂದರು. ಗೋಡೆಯಿಂದ ಬಿಚ್ಚಿಕೊಂಡು ಬರೋಣ ಅಂತ ನಾಲ್ಕನೇ ಕ್ಲಾಸಿಗೆ ಹೋದರೆ, ಕೊಡಲ್ಲ ಅಂತ ಮಕ್ಕಳು ಅಡ್ಡ ನಿಂತರು. ಸೋಮವಾರಕ್ಕೆ ಇನ್ನೊಂದು ಮೀಟರ್ ತರಬೇಕು.